ಎಂಟು ಹಾಡಲ್ಲಿ ಎರಡೇ ಕನ್ನಡ, ಆದ್ರೂ ಈ ಆಲ್ಬಮ್ ನಮ್ದು ಅನ್ಸೋದು ಯಾಕೆ?

ಕೇಳುಗರ ಮಾತು: ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಈ ಸಲ ಕೋಲಾರ ತಾಲ್ಲೂಕಿನ ಹೋಳೂರಿನಿಂದ ಒಬ್ಬ ಕೇಳುಗರು.

ನಾನು ಹೋಳೂರಿನವನು. ಸಂಗೀತ ಕಲಿತವನಲ್ಲ, ವಿಮರ್ಶೆ ಬರೆಯೋನೂ ಅಲ್ಲ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಹೋಗೋವಾಗ, ಬರೋವಾಗ ಕಂಪನಿ ಬಸ್ಸಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೂರೋನು. ನಿಮ್ಮಲ್ಲಿ ತುಂಬಾ ಜನ ಈಗ ಇದನ್ನೂ ಹಾಗೇ ಕೇಳ್ತಿರಬಹುದು.

ಇವತ್ತು ಮಾತಾಡೋದು ಒಂದು ಹಳೇ ಆಲ್ಬಮ್ ಬಗ್ಗೆ. ರಘು ದೀಕ್ಷಿತ್ ಪ್ರಾಜೆಕ್ಟ್ ಅನ್ನೋ ಬ್ಯಾಂಡಿನ ಮೊದಲ ಆಲ್ಬಮ್. ಬಂದಿದ್ದು 2008ರಲ್ಲಿ. ಆಗ ನಾನಿನ್ನೂ ಪ್ರೈಮರಿ ಸ್ಕೂಲು. ರಾಕ್ ಅಂದ್ರೇನು ಅಂತಾನೇ ಗೊತ್ತಿಲ್ಲದ ವಯಸ್ಸು. ಅಂಥ ಆಲ್ಬಮ್ಮನ್ನ ಇಷ್ಟು ವರ್ಷ ಆದ್ಮೇಲೆ ಯಾಕೆ ಎತ್ಕೊಂಡೆ ಅಂದ್ರೆ, ಅದರಲ್ಲಿರೋ ಎರಡು ಹಾಡು ನಮ್ಮ ಕೋಲಾರದ ಕಡೆಯ ಒಂದು ವಿಷಯವನ್ನ ನನ್ನ ತಲೇಲಿ ಕೊರೀತಾ ಇವೆ. ಅದನ್ನ ಹೇಳಿ ಹಗುರಾಗೋಣ ಅಂತ.

ಮೊದಲು ಆಲ್ಬಮ್ ಬಗ್ಗೆ ಸ್ವಲ್ಪ. ರಘು ದೀಕ್ಷಿತ್ ಮೈಸೂರಲ್ಲಿ ಬೆಳೆದವರು. ಓದಿದ್ದು ಮೈಕ್ರೋಬಯಾಲಜಿ, ಜೊತೆಗೆ ಭರತನಾಟ್ಯ ಕಲಿತವರು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಕೊಂಡು, ಗಿಟಾರ್ ಹಿಡಿದು ಸ್ಟೇಜಿಗೆ ಬರ್ತಾರಲ್ಲ, ಅವರೇ. ಈ ಆಲ್ಬಮ್ ಹೊರಗೆ ತಂದಿದ್ದು ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ, ಅವರ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ. ಎರಡು ವರ್ಷಕ್ಕೆ, ಅಂದ್ರೆ 2010ರಲ್ಲಿ, ಇದೇ ಬ್ಯಾಂಡು ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಶೋನಲ್ಲಿ ಹಾಡಿತು. 2011ರಲ್ಲಿ ಲಂಡನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ಕಲಾವಿದರಿಗೆ ಕೊಡೋ ಪ್ರಶಸ್ತಿಯೂ ಬಂತು.

ಆಲ್ಬಮ್ಮಲ್ಲಿ ಎಂಟು ಹಾಡು. ಐದು ಹಿಂದಿ, ಒಂದು ಇಂಗ್ಲಿಷ್, ಎರಡು ಕನ್ನಡ. ಮೊದಲ ತಕರಾರು ಇಲ್ಲೇ. ಮೈಸೂರಿಂದ ಬಂದ ಹುಡುಗಿ ಬಗ್ಗೆ ಒಂದು ಹಾಡಿದೆ, ‘ಮೈಸೂರ್ ಸೇ ಆಯಿ’ ಅಂತ. ಹುಡುಗಿ ಮೈಸೂರಿನವಳು, ಹಾಡೋರು ಮೈಸೂರಿನವರು, ಭಾಷೆ ಮಾತ್ರ ಹಿಂದಿ! ನಮ್ಮ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೇಲಿ ಉರ್ದು, ಕೆಜಿಎಫ್ ಕಡೆ ಹೋದ್ರೆ ತಮಿಳು. ಭಾಷೆ ಕಲಸೋದು ಕೋಲಾರದವರಿಗೆ ಹೊಸದೇನಲ್ಲ, ಅದಕ್ಕೆ ನಂಗೆ ಬೇಜಾರೂ ಇಲ್ಲ. ಆದ್ರೆ ಆ ಕಾಲಕ್ಕೆ ಕನ್ನಡದ ಬ್ಯಾಂಡೊಂದು ದೇಶಕ್ಕೆ ಕೇಳಿಸ್ಬೇಕಂದ್ರೆ ಮುಂಬೈ ದಾರೀಲೇ ಹೋಗ್ಬೇಕಿತ್ತು, ಹಿಂದಿ ಟಿಕೆಟ್ ತಗೊಂಡೇ ಹೋಗ್ಬೇಕಿತ್ತು ಅನ್ನೋದು ಈ ಪಟ್ಟಿ ನೋಡಿದ್ರೇ ಗೊತ್ತಾಗುತ್ತೆ.

ಹಿಂದಿ ಹಾಡುಗಳಲ್ಲಿ ನಂಗೆ ಇಷ್ಟ ಆಗಿದ್ದು ‘ಹೇ ಭಗವಾನ್’. ದೇವರ ಹತ್ರ ಬದುಕನ್ನ ಇನ್ನೊಂದ್ಸಲ ಕೊಡಪ್ಪಾ ಅಂತ ಕೇಳೋ ಹಾಡು. ಕೇಳೋದೂ ಗೋಳಾಡ್ಕೊಂಡಲ್ಲ, ಕುಣ್ಕೊಂಡು. ನೈಟ್ ಶಿಫ್ಟ್ ಮುಗಿಸಿ ಬರೋವಾಗ ಇದು ಕಾಫಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ‘ಅಂಬರ್’ ಕೂಡ ಪರವಾಗಿಲ್ಲ. ಇಂಗ್ಲಿಷ್ ಹಾಡು ನನ್ನ ಮಟ್ಟಿಗೆ ಸ್ಕಿಪ್. ಅಂಥ ಪ್ರೇಮಗೀತೆ ಜಗತ್ತಲ್ಲಿ ಲಕ್ಷ ಇವೆ, ಇದಿಲ್ದೇ ಇದ್ರೂ ನಡೀತಿತ್ತು.

ಈಗ ಕನ್ನಡದ ಎರಡು ಹಾಡಿಗೆ ಬರೋಣ. ‘ಗುಡುಗುಡಿಯ’, ‘ಸೋರುತಿಹುದು’. ಎರಡೂ ಶಿಶುನಾಳ ಶರೀಫರ ತತ್ವಪದ. ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ. ಮುಸ್ಲಿಂ ಮನೆಯ ಹುಡುಗ, ಗುರು ಗೋವಿಂದಭಟ್ಟರು ಬ್ರಾಹ್ಮಣರು. ಇಬ್ಬರ ಕಡೆಯವರೂ ಇದನ್ನ ಒಪ್ಪಲಿಲ್ಲ, ಇಬ್ಬರೂ ಕೇರ್ ಮಾಡಲಿಲ್ಲ ಅಂತ ಕಥೆ ಹೇಳ್ತಾರೆ. ನಮ್ಮ ಅಪ್ಪ-ಅಮ್ಮನ ತಲೆಮಾರಿಗೆ ಶರೀಫರು ಅಂದ್ರೆ ಸಿ. ಅಶ್ವಥ್ ಅವರ ದನಿ. 1990ರಲ್ಲಿ ನಾಗಾಭರಣ ಅವರ ಸಿನಿಮಾ ಬಂದ್ಮೇಲಂತೂ ಆ ದನಿ ಮನೆಮನೆಗೂ ಹೋಯ್ತು. ಹಾಗಾಗಿ ಒಬ್ಬ ಹುಡುಗ ಗಿಟಾರ್ ಹಿಡಿದು ಅದೇ ಪದ ಹಾಡ್ತೀನಿ ಅಂದ್ರೆ ಅದು ಸಣ್ಣ ಧೈರ್ಯ ಅಲ್ಲ. ಎಲ್ಲರ ಕಿವೀಲೂ ಆಗ್ಲೇ ಒಂದು ಹಾಡು ಕೂತಿರುತ್ತೆ.

‘ಸೋರುತಿಹುದು’ ಅನ್ನೋ ಪದ ಸೋರೋ ಮಾಳಿಗೆ ಬಗ್ಗೆ. ನಮ್ಮ ಕಡೆ ಹಳೇ ಮನೆಗೆ ಕಲ್ಲು ಚಪ್ಪಡಿ ಹೊದಿಸ್ತಾರೆ. ಶರೀಫರ ಸೀಮೇಲಿ ಮಾಳಿಗೆ ಅಂದ್ರೆ ಮರದ ತೊಲೆ ಮೇಲೆ ಮಣ್ಣು ಬಡಿದು ಮಾಡಿದ ಮಟ್ಟಸ ಚಾವಣಿ. ಮಳೆಗಾಲಕ್ಕೆ ಮುಂಚೆ ಯಾರಾದ್ರೂ ಮೇಲೆ ಹತ್ತಿ ರಿಪೇರಿ ಮಾಡ್ಲೇಬೇಕು. ಮಾಡ್ಲಿಲ್ವಾ, ಮನೆ ಒಳಗೇ ಮಳೆ. ಆ ಮನೆ ಅಂದ್ರೆ ನಮ್ಮ ಮೈಯಿ, ಮನಸ್ಸು. ಸೋರ್ತಿರೋದು ಬಡತನಕ್ಕಲ್ಲ, ಅಜ್ಞಾನಕ್ಕೆ. ಎಲ್ಲರೂ ಒಳಗೇ ಕೂತಿದ್ದಾರೆ, ಕತ್ತಲೇಲಿ ಮೇಲೆ ಹತ್ತೋಕೆ ಒಬ್ಬರೂ ಇಲ್ಲ. ಕೋಲಾರದಲ್ಲಿ ಮಾಳಿಗೆ ಸೋರಿದ್ರೆ ‘ಅಬ್ಬಾ, ಮಳೆ ಬಂತಲ್ಲ’ ಅಂತ ಖುಷಿ ಪಡೋ ಜನ ನಾವು. ಸಾವಿರ ಅಡಿ ದಾಟಿದ್ರೂ ಬೋರಲ್ಲಿ ನೀರು ಸಿಗದ ಊರು. ಆದ್ರೂ ಆ ‘ಮೇಲೆ ಹತ್ತೋರು ಇಲ್ಲ’ ಅನ್ನೋ ಮಾತು ನಮಗೂ ನೇರ ತಾಗುತ್ತೆ.

ಅಶ್ವಥ್ ಅವರು ಹಾಡಿದಾಗ ನಂಗೆ ಹಿರಿಯರೊಬ್ಬರು ಜಗಲಿ ಮೇಲೆ ನಿಂತು ಊರಿಗೆಲ್ಲ ಬುದ್ಧಿ ಹೇಳ್ದಂಗೆ ಅನ್ಸುತ್ತೆ. ಅದು ದೊಡ್ಡ ಗುಣ. ರಘು ದೀಕ್ಷಿತ್ ಹಾಡಿದಾಗ, ಸೋರೋ ಮನೆಯೊಳಗೇ ಕೂತು ನೆನೀತಿರೋ ಒಬ್ಬ ಹುಡುಗ ಹೇಳ್ದಂಗೆ ಅನ್ಸುತ್ತೆ. ಅವನಿಗೆ ಬುದ್ಧಿ ಹೇಳೋಕೆ ಟೈಮಿಲ್ಲ, ನೀರು ತಲೆ ಮೇಲೆ ಬೀಳ್ತಿದೆ. ಪದ ಒಂದೇ, ಹಾಡೋನು ನಿಂತ ಜಾಗ ಬೇರೆ. ಈ ಆಲ್ಬಮ್ ಮಾಡಿದ ಒಳ್ಳೇ ಕೆಲಸ ಅಂದ್ರೆ ಇದೇ. ಶರೀಫರನ್ನ ಫೋಟೋ ಫ್ರೇಮಿಂದ ಇಳಿಸಿ ನಮ್ಮ ವಯಸ್ಸಿನವರ ಪಕ್ಕದಲ್ಲಿ ಕೂರಿಸ್ತು.

ಗಿಟಾರ್ ಯಾಕೆ ಇಲ್ಲಿ ಹೊರಗಿನದು ಅನ್ಸಲ್ಲ ಅಂತಾನೂ ಯೋಚ್ನೆ ಮಾಡಿದೀನಿ. ತತ್ವಪದ ಹಾಡೋರ ಕೈಲಿ ಏಕತಾರಿ ಇರುತ್ತೆ. ಒಂದೇ ತಂತಿ, ಒಂದೇ ಸ್ವರ, ಬಿಡದೆ ಮಿಡೀತಾ ಇರುತ್ತೆ. ಅದು ಶ್ರುತಿಯೂ ಹೌದು, ತಾಳವೂ ಹೌದು. ಅದು ಒಂದು ಕಡೆ ನಿಂತಿರೋದಕ್ಕೇ ದನಿ ಎಲ್ಲಿ ಬೇಕಾದ್ರೂ ಅಲೆದಾಡಿ ವಾಪಸ್ ಬರಬಹುದು. ಈ ಎರಡು ಹಾಡಲ್ಲಿ ಗಿಟಾರು ಆ ಏಕತಾರಿ ಕೆಲಸ ಮಾಡೋ ಕಡೆಯೆಲ್ಲ ಹಾಡು ಗೆಲ್ಲುತ್ತೆ. ಡ್ರಮ್ಸು, ಎಲ್ಲ ವಾದ್ಯ ಒಟ್ಟಿಗೆ ಮೇಲೆದ್ದಾಗ ಕುಣಿಯೋಕೇನೋ ಚೆನ್ನ, ಪದ ಮಾತ್ರ ಹಿಂದೆ ಸರಿಯುತ್ತೆ. ‘ಗುಡುಗುಡಿಯ’ ಅಂತೂ ಹೊಗೆ ಸೇದೋ ನೆಪದಲ್ಲಿ ಮನಸ್ಸಿನ ಕೊಳೆ ಸುಡೋ ಮಾತು. ಕಾಲೇಜ್ ಫೆಸ್ಟಲ್ಲಿ ಕುಣಿಯೋ ಎಷ್ಟೋ ಜನ ಅದನ್ನ ಬರೀ ಹುಕ್ಕಾ ಹಾಡು ಅಂದ್ಕೊಂಡಿರ್ತಾರೆ. ಆ ಅಪಾಯ ಈ ಶೈಲೀಲಿ ಇದ್ದೇ ಇದೆ.

ಇನ್ನು ನನ್ನ ತಲೆ ಕೊರೆಯೋ ವಿಷಯ.

ನನ್ನ ಜೊತೆ ಓದಿದ, ಈಗ ಅದೇ ಬಸ್ಸಲ್ಲಿ ಬರೋ ಒಬ್ಬ ಗೆಳೆಯ ಇದ್ದಾನೆ. ಹೆಸರು ಬೇಡ. ಅವರಪ್ಪ ತಮಟೆ ಬಡಿಯೋರು. ಜಾತ್ರೆಗೆ ಕರೀತಾರೆ, ಸಾವಿಗೆ ಕರೀತಾರೆ. ಇವನೂ ಚಿಕ್ಕಂದಿನಲ್ಲಿ ಬಡೀತಿದ್ದ. ಹೆಂಗೆ ಅಂತೀರಾ, ಇವನ ಕಡ್ಡಿ ಬಿತ್ತು ಅಂದ್ರೆ ಕೂತೋರ ಕಾಲು ತಾನಾಗೇ ಎದ್ದೇಳೋದು. ಪಿಯುಸಿಗೆ ಬಂದಾಗ ಬಿಟ್ಟ. ಯಾಕೆ ಅಂತ ನಾನೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಒಂದಿನ ಬಸ್ಸಲ್ಲಿ ಇಯರ್‌ಫೋನಿನ ಒಂದು ಕಡೆ ಅವನಿಗೆ ಕೊಟ್ಟು ‘ಗುಡುಗುಡಿಯ’ ಹಾಕಿದೆ. ಅರ್ಧ ನಿಮಿಷಕ್ಕೆ ಅವನ ಬೆರಳು ಮುಂದಿನ ಸೀಟಿನ ಕಂಬಿ ಮೇಲೆ ಶುರುವಾಯ್ತು. ಡ್ರಮ್ಸ್ ಬಡಿದಂಗಲ್ಲ. ಡ್ರಮ್ಸ್ ಬಿಟ್ಟ ಸಂದೀಲೆಲ್ಲ ಇವನದೇ ಲೆಕ್ಕ. ನಾನು ಅಂದೆ, ‘ಲೋ, ನಾವೂ ಒಂದು ಟೀಮ್ ಮಾಡೋಣ. ನಂಗೆ ನಾಲ್ಕು ಕಾರ್ಡ್ ಗಿಟಾರ್ ಬರುತ್ತೆ, ನೀನು ತಮಟೆ.’ ಅವನು ಬೆರಳು ನಿಲ್ಲಿಸ್ದ. ‘ಆ ಯಣ್ಣ ಬಡಿದ್ರೆ ಬ್ಯಾಂಡು ಅಂತಾರೆ. ನಾನು ಬಡಿದ್ರೆ ನಮ್ಮಪ್ಪ ಯಾರು ಅಂತ ಕೇಳ್ತಾರೆ’ ಅಂದ.

ಅವತ್ತಿಂದ ಈ ಆಲ್ಬಮ್ ಕೇಳೋವಾಗೆಲ್ಲ ಆ ಮಾತು ಜೊತೇಲೇ ಕೇಳಿಸುತ್ತೆ. ಇದು ರಘು ದೀಕ್ಷಿತ್ ತಪ್ಪಲ್ಲ. ಅವರು ಹಾಡಿದ್ದು ಶರೀಫರ ಪದ, ತಮಟೆ ಪದ ಅಲ್ಲ. ಆದ್ರೆ ‘ಫೋಕ್ ರಾಕ್’ ಅನ್ನೋ ಮಾತಿನ ಕೆಳಗೆ ಎಲ್ಲ ಜಾನಪದನೂ ಒಂದೇ ಕೊಡೆ ಕೆಳಗೆ ನಿಂತಂಗೆ ಕಾಣುತ್ತೆ. ನಿಂತಿರೋದು ಒಂದೇ ಕೊಡೆ ಅಲ್ಲ. ಏಕತಾರಿಗೆ ಗೌರವ ಇದೆ, ಮಠದಲ್ಲಿ ಜಾಗ ಇದೆ. ತಮಟೆಗೆ ಊರ ಹೊರಗಿನ ಕೇರೀಲಿ ಜಾಗ. ಗೆಜ್ಜೆ ಕಟ್ಟಿದ ಹಾಡುಗಾರನನ್ನ ಲಂಡನ್ ಕರೆಸುತ್ತೆ. ತಮಟೆಯವನನ್ನ ಊರು ಕರೆಸೋದು ಸಾವಿಗೆ, ಅದೂ ಹೆಸರಿಡಿದು ಅಲ್ಲ.

ಬದಲಾವಣೆ ಆಗೇ ಇಲ್ಲ ಅಂತ ನಾನು ಹೇಳಲ್ಲ. ನಮ್ಮ ಪಿಚ್ಚಳ್ಳಿ ಶ್ರೀನಿವಾಸ್ ಅವರು ತಮಟೆ ಸದ್ದಿನ ಜೊತೆ ಹೋರಾಟದ ಹಾಡನ್ನ ರಾಜ್ಯಕ್ಕೆಲ್ಲ ಕೇಳಿಸಿದ್ರು. ಕೋಲಾರದ ಪಕ್ಕದಲ್ಲೇ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ‘ಆದಿಮ’ ಇದೆ. ಅಲ್ಲಿನ ‘ಹುಣ್ಣಿಮೆ ಹಾಡು’ ಕಾರ್ಯಕ್ರಮದಲ್ಲಿ ಬೆಳದಿಂಗಳೇ ಲೈಟಿಂಗು. ಶಿಡ್ಲಘಟ್ಟ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ಆ ಸುದ್ದಿ ಫೋನಲ್ಲಿ ನೋಡಿ ಗೆಳೆಯ ನಂಗೆ ಫಾರ್ವರ್ಡ್ ಮಾಡಿದ್ದ. ಒಂದಕ್ಷರ ಬರೆದಿರ್ಲಿಲ್ಲ, ಬರೀ ಫೋಟೋ.

ಹಾಗಾದ್ರೆ ಆಲ್ಬಮ್ ಬಗ್ಗೆ ನನ್ನ ತೀರ್ಮಾನ ಏನು? ಐದಕ್ಕೆ ಇಷ್ಟು ಸ್ಟಾರ್ ಅಂತೆಲ್ಲ ಕೊಡೋಕೆ ಬರಲ್ಲ. ಹಳೇ ಪದ ಯಾರದೋ ಬೀರುವಿನ ಒಡವೆ ಅಲ್ಲ, ಹಾಡೋ ದಮ್ಮಿದ್ರೆ ನಿನ್ನದೇ ಅಂತ ಹೇಳಿಕೊಟ್ಟ ಆಲ್ಬಮ್ ಇದು. ಅಷ್ಟರಮಟ್ಟಿಗೆ ದೊಡ್ಡ ಕೆಲಸ. ಆದ್ರೆ ಅದು ಬಾಗಿಲು ತೆಗೆದಿದ್ದು ಪದಗಳಿಗೆ. ವಾದ್ಯ ಬಡಿಯೋ ಕೈಗಳಿಗೆ ಬಾಗಿಲು ಇನ್ನೂ ಅರ್ಧ ಮುಚ್ಚಿದೆ. ಅದನ್ನ ತೆಗೆಯೋದು ಒಂದು ಬ್ಯಾಂಡಿನ ಕೈಲಿಲ್ಲ, ನಮ್ಮ ನಮ್ಮ ಊರಿನವರ ಕೈಲಿದೆ. ಜಾತಿ ಮರೆತು ಗುರು-ಶಿಷ್ಯರಾದವರ ಪದಕ್ಕೆ ಕುಣಿದು, ಮನೆಗೆ ಬಂದು ತಮಟೆಯವನಿಗೆ ಬೇರೆ ಲೋಟ ಇಟ್ರೆ, ಮಾಳಿಗೆ ಸೋರ್ತಾನೇ ಇದೆ ಅಂತ ಅರ್ಥ.

ನಮ್ಮ ಕಡೆ ಹಾಡೋಕೆ ಸರಕಿಗೇನೂ ಬರ ಇಲ್ಲ. ಚಿಂತಾಮಣಿ ಹತ್ರ ಕೈವಾರ ಇದೆ. 2007ರವರೆಗೂ ಅದು ಕೋಲಾರ ಜಿಲ್ಲೆಯೇ. ಅಲ್ಲಿನ ಕೈವಾರ ತಾತಯ್ಯ, ಅಂದ್ರೆ ಯೋಗಿ ನಾರೇಯಣರು, ಬಳೆ ಮಾರ್ಕೊಂಡು ಊರೂರು ಸುತ್ತಿದವರು. ತೆಲುಗಲ್ಲೂ ಕನ್ನಡದಲ್ಲೂ ಪದ ಕಟ್ಟಿದ್ರು. ನಮ್ಮ ತಾತನ ಭಜನೆ ಮಂಡಳೀಲಿ ಅವೇ ಹಾಡು. ಗುರುಪೂರ್ಣಿಮೆಗೆ ಕೈವಾರದಲ್ಲಿ ಹಗಲು ರಾತ್ರಿ ಅನ್ನದೆ ಸಂಗೀತೋತ್ಸವ ನಡೆಯುತ್ತೆ. ಎರಡು ಭಾಷೆ ಮಾತಾಡೋ ನಮ್ಮಂಥವರಿಗೆ ಇದಕ್ಕಿಂತ ಒಳ್ಳೇ ರಾಕ್ ಆಲ್ಬಮ್ ಎಲ್ಲಿ ಸಿಗುತ್ತೆ ಹೇಳಿ? ಇದಕ್ಕೆ ಮುಂಬೈ ಟಿಕೆಟ್ಟೂ ಬೇಡ.

ಗೆಳೆಯನನ್ನ ಮತ್ತೆ ಕೇಳಿದೆ. ಈ ಸಲ ಅವನು ಇಲ್ಲ ಅನ್ಲಿಲ್ಲ. ಮೂರು ಷರತ್ತು ಹಾಕಿದ. ಗಣೇಶನ ಹಬ್ಬದ ಸ್ಟೇಜಲ್ಲಿ ಆದ್ರೆ ಬ್ಯಾನರ್ ಮೇಲೆ ನನ್ನ ಹೆಸರು, ನಮ್ಮಪ್ಪನ ಹೆಸರು ಇಬ್ಬರದೂ ಇರ್ಬೇಕು. ಆರ್ಕೆಸ್ಟ್ರಾದವರಿಗೆ ಕೊಡೋ ಹಂಗೇ ದುಡ್ಡು ಕೈಗೆ ಕೊಡ್ಬೇಕು, ಎಲೆ-ಅಡಿಕೆ ಕೊಟ್ಟು ಕಳಿಸೋ ಹಂಗಿಲ್ಲ. ಮತ್ತೆ, ಎಲ್ಲರ ಜೊತೆ ಕೂತು ಊಟ. ನಮ್ಮ ಹುಡುಗರ ಸಂಘದಲ್ಲಿ ಈ ಮಾತು ಇಟ್ಟಿದೀನಿ. ಇಬ್ಬರು ಆಗ್ಲಿ ಅಂದ್ರು, ಒಬ್ಬರು ‘ಸಿನಿಮಾ ಹಾಡು ಹಾಕಿದ್ರೆ ಸಾಕಪ್ಪಾ, ಯಾಕೆ ಇಲ್ಲದ ಉಸಾಬರಿ’ ಅಂದ್ರು, ಉಳಿದವರು ಫೋನ್ ನೋಡ್ತಾ ಕೂತಿದ್ರು. ಭಾನುವಾರ ಮತ್ತೆ ಸೇರ್ತೀವಿ. ನಾನು ಬಿಡಲ್ಲ.

ನೀವು ಈ ಆಲ್ಬಮ್ ಕೇಳಿಲ್ಲ ಅಂದ್ರೆ ಮೊದಲು ‘ಸೋರುತಿಹುದು’ ಕೇಳಿ, ಮಲಗೋ ಮುಂಚೆ, ಇಯರ್‌ಫೋನ್ ಹಾಕ್ಕೊಂಡು. ಆಮೇಲೆ ಅದೇ ಪದವನ್ನ ಅಶ್ವಥ್ ಅವರ ದನೀಲಿ ಕೇಳಿ. ಆಮೇಲೆ ನಿಮ್ಮೂರಲ್ಲಿ ತತ್ವಪದ ಹಾಡೋ ಅಜ್ಜಿನೋ, ತಮಟೆ ಬಡಿಯೋ ಅಣ್ಣನೋ ಇದ್ರೆ ಅವರ ಹತ್ರ ಹೋಗಿ ಕೂತ್ಕೊಳ್ಳಿ. ರೆಕಾರ್ಡ್ ಬಟನ್ ಒತ್ತೋಕೆ ಮುಂಚೆ ಅವರ ಹೆಸರು ಕೇಳಿ. ಕಳಿಸೋವಾಗ ಆ ಹೆಸರು ಮೊದಲು ಬರೀರಿ.