"ಸುಮ್ನಿರಿ" ಅನ್ನೋದು ಬಿಟ್ಟ ಮೇಲೆ

ನಾನು ಮೇಷ್ಟ್ರಲ್ಲ, ನಿಮ್ಮ ಹಾಗೇ ಸಾಫ್ಟ್‌ವೇರ್‌ನವನು. ಎಂಟೆಕ್ ಓದಿದ್ದೀನಿ, ಆದ್ರೆ ಕ್ಲಾಸ್ ನಿಭಾಯಿಸೋದು ಗೊತ್ತಿರಲಿಲ್ಲ. ಚೆನ್ನೈನ ಶೋಲಿಂಗನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಭಾನುವಾರ ಹದಿನಾಲ್ಕು ಮಕ್ಕಳಿಗೆ ಕನ್ನಡ ಹೇಳಿಕೊಡ್ತೀನಿ. ವಯಸ್ಸು ಐದರಿಂದ ಹನ್ನೆರಡು.

ಮೊದಲ ತಿಂಗಳು "ಸುಮ್ನಿರಿ" ಅಂತ ಕೂಗಿದ್ದೇ ಆಯ್ತು. ಒಂದಿನ ಏಳು ವರ್ಷದ ಹುಡುಗನಿಗೆ ಜೋರಾಗಿ ಗದರಿಬಿಟ್ಟೆ. ಮುಂದಿನ ವಾರ ಅವನು ಬರಲಿಲ್ಲ. "ಕನ್ನಡಾನೇ ಬೇಡ ಅಂತಾನೆ ಸರ್" ಅಂದ್ರು ಅವನಮ್ಮ. ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಓದಿದ್ದು ಇದೇ ಊರಿನ ಕಥೆ. 1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ವಹಿಸಿಕೊಂಡರು. ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದೋದನ್ನು ಕಂಡರು. ನಮ್ಮ ಕೂಲಿಮಠಗಳಲ್ಲೂ ಹೀಗೇ ಇತ್ತಲ್ಲ! ಅವರ ಶಿಕ್ಷಕರು ಅದಕ್ಕೆ ಒಗ್ಗದಿದ್ದಾಗ, ಎಂಟು ವರ್ಷದ ಹುಡುಗನಿಗೇ ಚಿಕ್ಕವರನ್ನು ಒಪ್ಪಿಸಿದರು. 1797ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. 'ಮದ್ರಾಸ್ ಪದ್ಧತಿ' ಇಂಗ್ಲೆಂಡಿಗೂ ಹೋಯ್ತು.

ನಾನು ತಟ್ಟೆಗಳಲ್ಲಿ ರವೆ ಹರಡಿದೆ. ಒಬ್ಬ ದೊಡ್ಡವರಿಗೆ ಒಬ್ಬ ಚಿಕ್ಕವರ ಜೋಡಿ, ಹತ್ತು ನಿಮಿಷಕ್ಕೊಂದು ಕೆಲಸ. ದೊಡ್ಡವರಿಗೆ ಮೊದಲೇ ನಾನು ಪಾಠ ಮಾಡಿರಬೇಕು, ಇಲ್ಲಾಂದ್ರೆ ಒತ್ತಕ್ಷರದ ತಪ್ಪೂ ಹಾಗೇ ದಾಟುತ್ತೆ.

ಆ ಹುಡುಗನ ಮನೆಗೆ ಹೋಗಿ ಸಾರಿ ಕೇಳಿದೆ. "ಒಂದು ಪುಟಾಣಿಗೆ ಅ ಆ ಹೇಳಿಕೊಡೋಕೆ ಯಾರೂ ಇಲ್ಲ, ಬರ್ತೀಯಾ?" ಅಂದೆ. ಬಂದ.

ಗಲಾಟೆ ಈಗಲೂ ಇದೆ. ಆದ್ರೆ ಅರ್ಧಕ್ಕರ್ಧ ಕನ್ನಡದಲ್ಲಿದೆ. ಕೈಗೆ ಕೆಲಸ, ತಲೆಗೆ ಜವಾಬ್ದಾರಿ ಕೊಡಿ, ಸಾಕು.