ಸರಕು ಗಾಡಿಗೆ ತಕ್ಕ ಟೈರು ಯಾವುದು?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಎತ್ತಿನ ಬಂಡಿಯ ಕಾಲದಲ್ಲಿ ನಮ್ಮ ಹಿರಿಯರು ಸಂತೆಗೆ ಹೊರಡುವ ಮುನ್ನ ಗಾಲಿಯ ಹಳಿ ಸಡಿಲವಾಗಿದೆಯೇ, ಕಡಾಣಿ ಭದ್ರವಾಗಿದೆಯೇ, ಕೀಲೆಣ್ಣೆ ಸಾಕಷ್ಟಿದೆಯೇ ಎಂದು ನೋಡಿಯೇ ಎತ್ತು ಹೂಡುತ್ತಿದ್ದರು. ಬಂಡಿ ಗಂಟೆಗೆ ಎರಡು ಮೂರು ಮೈಲಿ ಹೋಗುತ್ತಿತ್ತು. ಗಾಲಿ ಕಳಚಿದರೂ ಆಗುತ್ತಿದ್ದ ನಷ್ಟ ಅಷ್ಟರಲ್ಲೇ ಇತ್ತು. ಇಂದು ನಮ್ಮ ಟೊಮೇಟೊ, ಹೂವು, ರೇಷ್ಮೆಗೂಡು, ಮೆಣಸಿನಕಾಯಿ ಎಲ್ಲವೂ ಪಿಕಪ್ ಗಾಡಿಗಳಲ್ಲಿ ಹೋಗುತ್ತಿವೆ. ಗಾಡಿ ಗಂಟೆಗೆ 60, 70 ಕಿಲೋಮೀಟರು ಓಡುತ್ತದೆ. ಆದರೆ ಹೊರಡುವ ಮುನ್ನ ಚಕ್ರ ನೋಡುವ ಹಿರಿಯರ ಆ ಅಭ್ಯಾಸ ಮಾತ್ರ ನಮ್ಮಲ್ಲಿ ಕಡಿಮೆಯಾಗಿದೆ. ಇಂದು ನಾನು ಹೇಳಬೇಕೆಂದಿರುವುದು ಈ ವಿಷಯವನ್ನೇ.

ಗಾಡಿ ಎಷ್ಟೇ ದೊಡ್ಡದಿರಲಿ, ಅದು ನೆಲಕ್ಕೆ ತಗಲುವುದು ನಾಲ್ಕೇ ಕಡೆ. ಒಂದೊಂದು ಟೈರು ರಸ್ತೆಯನ್ನು ಮುಟ್ಟುವ ಜಾಗ ಸುಮಾರು ಒಂದು ಅಂಗೈಯಷ್ಟು. ಬ್ರೇಕು ಎಷ್ಟೇ ಚೆನ್ನಾಗಿರಲಿ, ಡ್ರೈವರು ಎಷ್ಟೇ ನುರಿತವನಾಗಿರಲಿ, ಆ ನಾಲ್ಕು ಅಂಗೈಯಗಲ ರಬ್ಬರು ರಸ್ತೆಯನ್ನು ಹಿಡಿದರೆ ಮಾತ್ರ ಗಾಡಿ ನಿಲ್ಲುತ್ತದೆ. ಆದುದರಿಂದ ಟೈರನ್ನು ಆರಿಸುವುದು ಬಿತ್ತನೆ ಬೀಜವನ್ನು ಆರಿಸಿದಷ್ಟೇ ಎಚ್ಚರಿಕೆಯ ಕೆಲಸ.

ಟೈರಿನಲ್ಲಿ ಮೂರು ಬಗೆ

ಜೀಪು, ಪಿಕಪ್ಪು ಮುಂತಾದ ಗಾಡಿಗಳ ಟೈರುಗಳನ್ನು ಅವುಗಳ ಮೈಮೇಲಿನ ಕಚ್ಚುಗಳನ್ನು ನೋಡಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಹೆಚ್‌.ಟಿ., ಅಂದರೆ ಹೆದ್ದಾರಿಯ ಟೈರು. ಇದರ ಮೈಮೇಲೆ ಉದ್ದಕ್ಕೂ ಪಟ್ಟೆಗಳಿರುತ್ತವೆ. ಪಟ್ಟೆಗಳ ನಡುವೆ ನೀರು ಹೊರಹೋಗಲು ಕಾಲುವೆಗಳಿರುತ್ತವೆ. ನಮ್ಮ ಹೊಲದಲ್ಲಿ ಬಸಿಗಾಲುವೆ ಮಾಡುವ ಕೆಲಸವನ್ನೇ ಇವು ರಸ್ತೆಯ ಮೇಲೆ ಮಾಡುತ್ತವೆ. ಈ ಟೈರು ಡಾಂಬರು ರಸ್ತೆಯಲ್ಲಿ ಸದ್ದಿಲ್ಲದೆ ಓಡುತ್ತದೆ, ನಿಧಾನವಾಗಿ ಸವೆಯುತ್ತದೆ, ಎಣ್ಣೆಯ ಖರ್ಚನ್ನೂ ತಗ್ಗಿಸುತ್ತದೆ.

ಎರಡನೆಯದು ಎ.ಟಿ., ಎಲ್ಲ ಬಗೆಯ ನೆಲಕ್ಕೂ ಎಂದು ಮಾಡಿದ ಟೈರು. ಇದರ ಕಚ್ಚುಗಳು ದೊಡ್ಡವು, ನಡುವಣ ಸಂದು ಅಗಲ. ಮಣ್ಣು ರಸ್ತೆ, ಜಲ್ಲಿ ರಸ್ತೆಗಳಲ್ಲಿ ಹಿಡಿತ ಹೆಚ್ಚು. ಡಾಂಬರಿನ ಮೇಲೆ ಸ್ವಲ್ಪ ಸದ್ದು ಮಾಡುತ್ತದೆ, ಎಣ್ಣೆಯನ್ನೂ ಸ್ವಲ್ಪ ಹೆಚ್ಚು ಕುಡಿಯುತ್ತದೆ.

ಮೂರನೆಯದು ಎಂ.ಟಿ., ಕೆಸರಿನ ಟೈರು. ಟ್ರ್ಯಾಕ್ಟರಿನ ಹಿಂಚಕ್ರದಂತೆ ದಪ್ಪ ದಪ್ಪ ಕಚ್ಚುಗಳು. ಕೆಸರಿನಲ್ಲಿ ಚೆನ್ನ. ಆದರೆ ಒದ್ದೆಯಾದ ಡಾಂಬರು ರಸ್ತೆಯಲ್ಲಿ ಹಿಡಿತ ಕಡಿಮೆ, ಬೇಗ ಸವೆಯುತ್ತದೆ.

ಇವುಗಳಲ್ಲಿ ನಮಗೆ ಯಾವುದು ಬೇಕು? ಹೊಲದಿಂದ ಊರಿಗೆ ಒಂದು ಮೈಲಿ ಮಣ್ಣು ದಾರಿ, ಅಲ್ಲಿಂದ ಮಾರುಕಟ್ಟೆಗೆ 40 ಮೈಲಿ ಡಾಂಬರು ದಾರಿ ಇರುವವರಿಗೆ ಹೆದ್ದಾರಿಯ ಟೈರೇ ಲಾಭಕರ. ಮಳೆಗಾಲದ ಎರಡು ವಾರ ಗಾಡಿ ಹೂಳುವುದೆಂದು ವರ್ಷವಿಡೀ ಕೆಸರಿನ ಟೈರು ಹಾಕಿಕೊಂಡು ಓಡುವುದು ಜಾಣತನವಲ್ಲ. ಎರೆಭೂಮಿಯ ಹಾದಿಯಲ್ಲಿ ದಿನವೂ ಓಡಾಡುವವರು, ಮಲೆನಾಡಿನ ತೋಟದ ರಸ್ತೆಯಲ್ಲಿ ಏರಿಳಿಯುವವರು ಎ.ಟಿ. ಟೈರನ್ನು ಆರಿಸಬಹುದು. ನಿಮ್ಮ ಗಾಡಿ ವರ್ಷದಲ್ಲಿ ಯಾವ ರಸ್ತೆಯಲ್ಲಿ ಹೆಚ್ಚು ಓಡುತ್ತದೆಯೋ ಆ ರಸ್ತೆಗೆ ತಕ್ಕ ಟೈರು ತೆಗೆದುಕೊಳ್ಳಿರಿ.

‘ಸರ್ವಋತು’ ಎಂದರೇನು?

ಕೆಲವು ಟೈರುಗಳನ್ನು ಎಲ್ಲ ಕಾಲಕ್ಕೂ ಆಗುವ ‘ಆಲ್ ಸೀಸನ್’ ಟೈರು ಎಂದು ಮಾರುತ್ತಾರೆ. ಈ ಮಾತು ಅಮೆರಿಕದಿಂದ ಬಂದದ್ದು. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುವುದರಿಂದ ಬೇಸಗೆಗೆ ಒಂದು, ಚಳಿಗಾಲಕ್ಕೆ ಇನ್ನೊಂದು ಟೈರು ಬದಲಿಸುವ ಪದ್ಧತಿ ಇತ್ತು. ಆ ತೊಂದರೆ ತಪ್ಪಿಸಲು 1977ರಲ್ಲಿ ಗುಡ್‌ಇಯರ್ ಕಂಪನಿ ‘ಟಿಯೆಂಪೋ’ ಎಂಬ ಸರ್ವಋತು ಟೈರನ್ನು ಮಾರುಕಟ್ಟೆಗೆ ತಂದಿತು. ಅಂತಹ ಟೈರುಗಳ ಮೇಲೆ ‘ಎಂ ಪ್ಲಸ್ ಎಸ್’ ಎಂಬ ಗುರುತಿರುತ್ತದೆ; ಕೆಸರು ಮತ್ತು ಹಿಮ ಎಂದು ಅದರ ಅರ್ಥ. ಕಚ್ಚುಗಳ ರಚನೆ ನೋಡಿ ಹಾಕುವ ಗುರುತು ಅದು. ಹಿಮದ ಮೇಲೆ ಪರೀಕ್ಷಿಸಿ ತೇರ್ಗಡೆಯಾದ ಟೈರಿಗೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಬೇರೊಂದು ಚಿಹ್ನೆ ಇದೆ. ನಮ್ಮ ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲ. ಆದುದರಿಂದ ಈ ಎರಡು ಗುರುತಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ. ನಮಗಿರುವ ಋತುಗಳು ಎರಡು: ಏಪ್ರಿಲಿನ ಸುಡುವ ಡಾಂಬರು, ಜುಲೈ ತಿಂಗಳ ನೀರು ನಿಂತ ರಸ್ತೆ. ಕಾವನ್ನು ತಡೆಯುವ, ನೀರನ್ನು ಬಸಿಯುವ ಟೈರೇ ನಮ್ಮ ಪಾಲಿನ ಸರ್ವಋತು ಟೈರು.

ಭಾರದ ಲೆಕ್ಕ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಪಹಣಿಯನ್ನು ಓದಿದಂತೆ ಓದಲು ಕಲಿಯಬೇಕು. ‘215/75 ಆರ್ 15 100 ಎಸ್’ ಎಂದಿದ್ದರೆ ಟೈರಿನ ಅಗಲ 215 ಮಿಲಿಮೀಟರು. ಪಕ್ಕದ ಎತ್ತರ ಅದರ ಶೇಕಡ 75. ‘ಆರ್’ ಎಂದರೆ ರೇಡಿಯಲ್. ರಿಮ್ಮು 15 ಅಂಗುಲ. ಕೊನೆಯ 100 ಎಂಬುದು ಭಾರದ ಸಂಕೇತ. 100 ಎಂದರೆ ಒಂದು ಟೈರು 800 ಕಿಲೋ ಹೊರಬಲ್ಲದು. 104 ಎಂದರೆ 900 ಕಿಲೋ, 106 ಎಂದರೆ 950 ಕಿಲೋ. ‘ಎಸ್’ ಎಂಬುದು ಗಂಟೆಗೆ 180 ಕಿಲೋಮೀಟರು ವೇಗದ ಮಿತಿ. ‘106/104’ ಎಂದು ಎರಡು ಸಂಖ್ಯೆಗಳಿದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ.

ಅಳತೆ ಒಂದೇ ಆದರೂ ಕಾರಿನ ಟೈರು ಬೇರೆ, ಸರಕು ಗಾಡಿಯ ಟೈರು ಬೇರೆ. ಸರಕು ಗಾಡಿಯದರ ಮೇಲೆ ‘ಎಲ್‌.ಟಿ.’ ಎಂಬ ಅಕ್ಷರಗಳಿರುತ್ತವೆ. ಅದರ ಒಳಪದರ ಗಟ್ಟಿ, ಹೆಚ್ಚು ಗಾಳಿಯನ್ನು ತಡೆಯುತ್ತದೆ. ಹಳ್ಳದಿಣ್ಣೆಯಲ್ಲಿ ಕುಲುಕಾಟ ಮಾತ್ರ ಸ್ವಲ್ಪ ಹೆಚ್ಚು. ಕಾರಿನ ಟೈರನ್ನು ಸರಕು ಗಾಡಿಗೆ ಹಾಕಿದರೆ ಅದು ಹೊರುವ ಭಾರವನ್ನು 1.10ರಿಂದ ಭಾಗಿಸಿ ಕಡಿಮೆ ಎಣಿಸಬೇಕೆಂದು ಅಮೆರಿಕದ ನಿಯಮವಿದೆ. ಆಗ 800 ಕಿಲೋ ಹೊರುವ ಟೈರಿನ ಲೆಕ್ಕ 727 ಕಿಲೋಗೆ ಇಳಿಯುತ್ತದೆ. ಗಾಡಿ ಹೆಚ್ಚು ಕುಲುಕುತ್ತದೆ, ಬಾಗುತ್ತದೆ, ಭಾರ ಒಂದೇ ಕಡೆ ಬೀಳುತ್ತದೆ ಎಂಬುದೇ ಕಾರಣ.

ಒಂದು ಲೆಕ್ಕ ಮಾಡೋಣ. ಒಂದು ಪಿಕಪ್ಪಿನ ಸ್ವಂತ ತೂಕ 1,700 ಕಿಲೋ, ಅದಕ್ಕೆ ಅನುಮತಿಯಿರುವ ಸರಕು 1,300 ಕಿಲೋ ಎಂದಿಟ್ಟುಕೊಳ್ಳಿರಿ. ಒಟ್ಟು 3,000. ಸರಕೆಲ್ಲ ಹಿಂದೆ ಇರುವುದರಿಂದ ಹಿಂದಿನ ಎರಡು ಚಕ್ರಗಳ ಮೇಲೆ 1,900 ಕಿಲೋ ಬಿದ್ದರೆ ಒಂದೊಂದಕ್ಕೆ 950 ಕಿಲೋ. 106ರ ಟೈರು ಅದನ್ನು ತಡೆಯುತ್ತದೆ. 100ರ ಟೈರಿಗೆ ಅದು 150 ಕಿಲೋ ಹೆಚ್ಚಾಯಿತು! ನೋಡುವುದಕ್ಕೆ ಎರಡೂ ಟೈರುಗಳು ಒಂದೇ ರೀತಿ ಕಪ್ಪಗೆ, ದುಂಡಗೆ ಇರುತ್ತವೆ.

ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಪೆಟ್ಟಿಗೆಗೆ 15 ಕಿಲೋ ಲೆಕ್ಕ. 1,300 ಕಿಲೋ ಎಂದರೆ ಹೆಚ್ಚೆಂದರೆ 86 ಪೆಟ್ಟಿಗೆ. ಒಂದು ಬಾಡಿಗೆ ಉಳಿಯಲೆಂದು 120 ಪೆಟ್ಟಿಗೆ ಏರಿಸಿದರೆ 1,800 ಕಿಲೋ ಆಗುತ್ತದೆ. ಆಗ 106ರ ಟೈರೂ ಸೋಲುತ್ತದೆ. ಮೇಲೆ ನಾಲ್ಕು ಜನ ಕೂಲಿಯವರು ಕುಳಿತರೆ ಹೇಳುವುದೇ ಬೇಡ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧ. ಅತಿ ಆಸೆ ಗತಿಗೇಡು ಎಂಬ ಗಾದೆ ಟೈರಿಗೂ ಸಲ್ಲುತ್ತದೆ.

ಹೊರದೇಶದ ಒಂದು ಪಾಠ

ಟೈರು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಅಲ್ಲಿ ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಗೆ ಫೈರ್‌ಸ್ಟೋನ್ ಟೈರು ಹಾಕುತ್ತಿದ್ದರು. ಅಳತೆ 235/75 ಆರ್ 15. ನಮ್ಮ ಜೀಪು, ಪಿಕಪ್ಪುಗಳಲ್ಲೂ ಕಾಣುವ ಅಳತೆಯೇ. ಹೆದ್ದಾರಿಯಲ್ಲಿ ವೇಗವಾಗಿ ಓಡುತ್ತಿರುವಾಗ ಟೈರಿನ ಮೇಲಿನ ರಬ್ಬರು ಪಟ್ಟಿಯೇ ಕಿತ್ತುಬಂದು ಗಾಡಿಗಳು ಮಗುಚತೊಡಗಿದವು. 200ಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟ್ ತಿಂಗಳಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಳ್ಳಲಾಯಿತು.

ಟೈರಿನ ರಚನೆ, ತಯಾರಿಕೆಗಳಲ್ಲಿ ದೋಷವಿತ್ತು. ಅದರ ಜೊತೆಗೆ ಗಾಳಿಯ ವಿಚಾರದಲ್ಲೂ ದೊಡ್ಡ ವಾದವಾಯಿತು. ಗಾಡಿಯ ಕಂಪನಿ 26 ಪೌಂಡು ಗಾಳಿ ಸಾಕೆಂದಿತ್ತು. ಟೈರಿನ ಕಂಪನಿ 30 ಬೇಕೆಂದಿತು. ಅಪಘಾತಗಳು ಹೆಚ್ಚಾಗಿ ಆದದ್ದು ಟೆಕ್ಸಸ್, ಫ್ಲಾರಿಡಾ, ಅರಿಜೋನಾದಂತಹ ಬಿಸಿಲು ನಾಡುಗಳಲ್ಲಿ. ಅದೇ ವರ್ಷ ಅಲ್ಲಿ ಹೊಸ ಕಾನೂನು ಬಂದಿತು. ಗಾಳಿ ಕಡಿಮೆಯಾದರೆ ಡ್ರೈವರನಿಗೆ ತಿಳಿಸುವ ದೀಪವನ್ನು ಮುಂದೆ ಹೊಸ ಗಾಡಿಗಳಲ್ಲೆಲ್ಲ ಕಡ್ಡಾಯ ಮಾಡಿದರು. ಕಾವು, ಕಡಿಮೆ ಗಾಳಿ, ಭಾರ, ವೇಗ ಈ ನಾಲ್ಕೂ ಸೇರಿದರೆ ಟೈರಿಗೆ ಅಪಾಯ ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ. ಬಿಸಿಲು, ಭಾರ ಎರಡೂ ನಮ್ಮಲ್ಲಿವೆ ಎಂಬುದನ್ನು ಮರೆಯಬೇಡಿರಿ.

ಗಾಳಿ

ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲೂ ಮಡಚಿ ಬಿಚ್ಚುತ್ತವೆ. ತಂತಿಯನ್ನು ಹತ್ತಾರು ಸಲ ಬಗ್ಗಿಸಿದರೆ ಅದು ಬಿಸಿಯಾಗಿ ತುಂಡಾಗುವುದನ್ನು ನೋಡಿದ್ದೀರಿ. ಟೈರಿಗೆ ಆಗುವುದೂ ಅದೇ. ಪಂಕ್ಚರ್ ಅಂಗಡಿಯವರು ‘ಎಷ್ಟು ಪಾಯಿಂಟ್ ಹಾಕಲಿ?’ ಎಂದು ಕೇಳಿದಾಗ ಅಂದಾಜಿನ ಮೇಲೆ ಹೇಳಬಾರದು. ಗಾಡಿಯ ಬಾಗಿಲ ಪಕ್ಕದ ಚೀಟಿಯಲ್ಲಿ ಅಥವಾ ಗಾಡಿಯೊಡನೆ ಬಂದ ಪುಸ್ತಕದಲ್ಲಿ ಖಾಲಿ ಗಾಡಿಗೆ ಎಷ್ಟು, ಭಾರದ ಗಾಡಿಗೆ ಎಷ್ಟು ಎಂದು ಬರೆದಿರುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಓಡಿ ಬಂದ ಟೈರಿನಲ್ಲಿ ಕಾವಿನಿಂದ ಗಾಳಿ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಬಾರದು.

ಮಳೆ ಮತ್ತು ಸವೆತ

ಹೊಸ ಹೆದ್ದಾರಿ ಟೈರಿನ ಕಾಲುವೆಗಳ ಆಳ ಸಾಮಾನ್ಯವಾಗಿ 8, 9 ಮಿಲಿಮೀಟರು. ಅದು 1.6 ಮಿಲಿಮೀಟರಿಗೆ ಇಳಿದರೆ ಟೈರನ್ನು ಬಳಸಬಾರದೆಂದು ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ಅಳೆಯಲು ಸಾಧನ ಬೇಕಿಲ್ಲ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ಉಬ್ಬಿಗೆ ಸಮವಾಯಿತೆಂದರೆ ಟೈರಿನ ಆಯಸ್ಸು ಮುಗಿಯಿತು. ಆದರೆ ಮಳೆಯಲ್ಲಿ ಹಿಡಿತ ತಪ್ಪುವುದು ಅದಕ್ಕೂ ಮೊದಲೇ. ಕಾಲುವೆ ಆಳವಿಲ್ಲದಿದ್ದರೆ ನೀರು ಹೊರಹೋಗದೆ ಚಕ್ರದಡಿ ಸೇರಿಕೊಳ್ಳುತ್ತದೆ. ಗಾಡಿ ದೋಣಿಯಂತೆ ತೇಲುತ್ತದೆ. ಬ್ರೇಕು ತುಳಿದರೂ ನಿಲ್ಲುವುದಿಲ್ಲ. ಶಿರಾಡಿ, ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಇಳಿಯುವವರು 3 ಮಿಲಿಮೀಟರಿಗೆ ಬಂದಾಗಲೇ, ಮುಂಗಾರಿಗೆ ಮೊದಲೇ ಬದಲಿಸುವುದು ಕ್ಷೇಮ.

ಕೊಳ್ಳುವಾಗ

ಅಂಗಡಿಯಲ್ಲಿ ಈ ಐದನ್ನು ನೋಡಿರಿ.

1. ಐ.ಎಸ್‌.ಐ. ಗುರುತು. 2009ರ ಸರ್ಕಾರಿ ಆಜ್ಞೆಯ ಪ್ರಕಾರ ಇದು ಕಡ್ಡಾಯ.

2. ತಯಾರಾದ ದಿನ. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರ. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದ ಟೈರು ಬೇಡ. ಓಡದಿದ್ದರೂ ರಬ್ಬರು ಮುದಿಯಾಗುತ್ತದೆ.

3. ಭಾರದ ಸಂಕೇತ ಗಾಡಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆಯಿರಬಾರದು.

4. ಕಿಲೋಮೀಟರಿನ ಖರ್ಚು. 6,000 ರೂಪಾಯಿಯ ಟೈರು 40,000 ಕಿಲೋಮೀಟರು ಓಡಿದರೆ ಕಿಲೋಮೀಟರಿಗೆ 15 ಪೈಸೆ. 7,500 ರೂಪಾಯಿಯದು 60,000 ಓಡಿದರೆ ಹನ್ನೆರಡೂವರೆ ಪೈಸೆ. ಹೀಗೆ ಲೆಕ್ಕ ಹಾಕಿದಾಗ ಅಗ್ಗದ್ದು ಯಾವುದೆಂದು ತಿಳಿಯುತ್ತದೆ. ನಿಮ್ಮೂರಿನಲ್ಲೇ ಅದೇ ಗಾಡಿ ಓಡಿಸುವವರನ್ನು ಕೇಳಿ ಈ ಅಂಕಿಗಳನ್ನು ಬರೆದಿಡಿರಿ.

5. ರಶೀದಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿ.ಎಸ್‌.ಟಿ. ಶೇಕಡ 28ರಿಂದ 18ಕ್ಕೆ ಇಳಿದಿದೆ. ರಶೀದಿಯಿಲ್ಲದೆ ಗ್ಯಾರಂಟಿ ಕೇಳಲು ಬರುವುದಿಲ್ಲ.

ಹಳೆಯ ಬೋಳು ಟೈರಿಗೆ ಬಿಸಿ ಕತ್ತಿಯಿಂದ ಹೊಸದಾಗಿ ಕಾಲುವೆ ಕೊರೆದು ಮಾರುವವರಿದ್ದಾರೆ. ಕಾಲುವೆ ಆಳವಾಗಿ ಕಂಡರೂ ಒಳಗಿನ ರಬ್ಬರು ತೆಳ್ಳಗಾಗಿ, ನೂಲು ತಂತಿಗಳು ಹೊರಬರುವ ಸ್ಥಿತಿಯಲ್ಲಿರುತ್ತವೆ. ಅಂತಹುದನ್ನು ಪುಕ್ಕಟೆ ಕೊಟ್ಟರೂ ತರಬೇಡಿರಿ. ರೀಟ್ರೆಡ್ ಮಾಡಿಸಿದ ಟೈರನ್ನು ಮುಂದಿನ ಚಕ್ರಕ್ಕೆ ಹಾಕಬೇಡಿರಿ. ನೈಲಾನ್ ಟೈರು ಒಂದು, ರೇಡಿಯಲ್ ಟೈರು ಒಂದು ಹೀಗೆ ಒಂದೇ ಅಚ್ಚಿಗೆ ಜೋಡಿಸಬೇಡಿರಿ; ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ ಎಳೆದಂತಾಗುತ್ತದೆ.

ಕೈಯಲ್ಲಿ ಎರಡೇ ಟೈರಿಗೆ ಹಣವಿದ್ದರೆ ಹೊಸದನ್ನು ಎಲ್ಲಿ ಹಾಕಬೇಕು? ಮುಂದೆ ಎಂದು ಅನೇಕರು ಹೇಳುತ್ತಾರೆ. ಹಿಂದೆ ಹಾಕುವುದೇ ಸರಿ. ಒದ್ದೆ ರಸ್ತೆಯಲ್ಲಿ ಮುಂಚಕ್ರ ಜಾರಿದರೆ ವೇಗ ತಗ್ಗಿಸಿ ಸರಿಪಡಿಸಿಕೊಳ್ಳಬಹುದು. ಹಿಂಚಕ್ರ ಜಾರಿದರೆ ಗಾಡಿಯೇ ತಿರುಗಿಬಿಡುತ್ತದೆ. ಹಾಗೆಂದು ಮುಂದೆ ಬೋಳು ಟೈರು ಇರಬಹುದೆಂದಲ್ಲ. ಸುಮಾರು 8,000ದಿಂದ 10,000 ಕಿಲೋಮೀಟರಿಗೊಮ್ಮೆ ಚಕ್ರಗಳನ್ನು ಸ್ಥಳ ಬದಲಿಸಿ, ಅಲೈನ್‌ಮೆಂಟ್ ನೋಡಿಸಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ. ಸ್ಟೆಪ್ನಿಯ ಗಾಳಿಯನ್ನೂ ಮರೆಯಬೇಡಿರಿ.

ಬಾಂಧವರೇ, ಒಂದು ಬೆಳೆ ಕೈಗೆ ಬರಲು ಮೂರು ನಾಲ್ಕು ತಿಂಗಳು ದುಡಿಯುತ್ತೇವೆ. ನೀರು, ಗೊಬ್ಬರ, ಔಷಧಿ ಎಂದು ಸಾಲ ಮಾಡುತ್ತೇವೆ. ಅದೆಲ್ಲವೂ ಕೊನೆಗೆ ಒಂದು ರಾತ್ರಿ ಆ ನಾಲ್ಕು ಟೈರುಗಳ ಮೇಲೆ ಕುಳಿತು ಮಾರುಕಟ್ಟೆಗೆ ಹೋಗುತ್ತದೆ. ಅದನ್ನು ಓಡಿಸುವವನು ನಮ್ಮ ಮನೆಯ ಮಗನೋ ನೆರೆಮನೆಯ ಹುಡುಗನೋ ಆಗಿರುತ್ತಾನೆ. ಬಾಡಿಗೆ ಗಾಡಿಯಾದರೂ ಸರಿ, ಸರಕು ಏರಿಸುವ ಮೊದಲು ಟೈರು ನೋಡುವ ಹಕ್ಕು ನಿಮಗಿದೆ, ಗಾಡಿಯವರು ಬೇಸರಪಡಬೇಕಾಗಿಲ್ಲ.

ನಾಳೆ ಬೆಳಿಗ್ಗೆ ನಿಮ್ಮೂರಿನಲ್ಲಿರುವ ಪ್ರತಿಯೊಂದು ಸರಕು ಗಾಡಿಯ ಟೈರಿನ ಅಂಕಿಗಳನ್ನು ಓದಿ ಒಂದು ಪುಸ್ತಕದಲ್ಲಿ ಬರೆಯಿರಿ: ಭಾರದ ಸಂಕೇತ, ತಯಾರಾದ ವಾರ, ಸವೆತ, ಗಾಳಿ. ಓದುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರೇ ಸಂತೋಷದಿಂದ ಮಾಡುತ್ತಾರೆ. ಯಾವ ಗಾಡಿ ಮುಂಗಾರಿಗೆ ಸಿದ್ಧ, ಯಾವುದು ಅಲ್ಲ ಎಂಬುದು ಅರ್ಧ ಗಂಟೆಯಲ್ಲಿ ಊರಿಗೇ ತಿಳಿಯುತ್ತದೆ. ಇಷ್ಟನ್ನು ಮಾಡಿರೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.