ಅಂತರ್ಜಾಲದ ಗ್ರಂಥಭಂಡಾರಗಳು: ಆರಂಭದ ದಿನಗಳು
(ಶಾಖಾಮಠದ ವಾರ್ಷಿಕೋತ್ಸವ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತರೂಪ)



ಗ್ರಂಥವನ್ನು ಪ್ರತಿ ಮಾಡುವುದು, ರಕ್ಷಿಸುವುದು, ಯೋಗ್ಯರಿಗೆ ದಾನ ಮಾಡುವುದು ಇವು ಪೂರ್ವಿಕರಿಂದ ಸತ್ಕರ್ಮಗಳೆಂದು ಪರಿಗಣಿತವಾಗಿವೆ. ತಾಳೆಗರಿಯ ಕಾಲದಲ್ಲಿ ಒಂದು ಶುದ್ಧಪ್ರತಿಗಾಗಿ ವಿದ್ಯಾರ್ಥಿಯು ಊರೂರು ಅಲೆಯಬೇಕಾಗಿತ್ತು. ಮುದ್ರಣಯುಗ ಬಂದ ಮೇಲೆ ಕುಂಭಕೋಣದ ಟಿ. ಆರ್. ಕೃಷ್ಣಾಚಾರ್ಯರಂತಹ ವಿದ್ವಾಂಸರು ಗ್ರಂಥಗಳನ್ನು ಪರಿಷ್ಕರಿಸಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಕಾಲಾಂತರದಲ್ಲಿ ಅಂತಹ ಹಳೆಯ ಪ್ರತಿಗಳೂ ದುರ್ಲಭವಾದವು. ತಾಳೆಗರಿ, ಮುದ್ರಣಗಳ ಅನಂತರ ತೆರೆದ ಮೂರನೆಯ ಮಾರ್ಗ ಅಂತರ್ಜಾಲದ್ದು. ಈ ಮಾರ್ಗ ಇಂದು ಎಷ್ಟು ಸುಗಮವೋ ಆರಂಭದಲ್ಲಿ ಅಷ್ಟೇ ದುರ್ಗಮವಾಗಿತ್ತು.

ಇದರ ಮೂಲ ವೆಬ್‌ಗಿಂತಲೂ ಹಳೆಯದು. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹಾರ್ಟ್ ಎಂಬ ಯುವಕನು ಆ ದೇಶದ ಸ್ವಾತಂತ್ರ್ಯಘೋಷಣೆಯನ್ನು ಗಣಕಯಂತ್ರದಲ್ಲಿ ಅಕ್ಷರಾಕ್ಷರವಾಗಿ ಟೈಪು ಮಾಡಿ ಇತರರಿಗೆ ದೊರೆಯುವಂತೆ ಇಟ್ಟನು. ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಆರಂಭವಾದದ್ದು ಹೀಗೆ. ಆಗ ಕಡತಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳ ಯಂತ್ರಗಳಲ್ಲಿ ಹಂಚಿಹೋಗಿದ್ದವು. ಯಾವುದು ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ‘ಆರ್ಚಿ’ ಕಡತಗಳ ಹೆಸರನ್ನು ಹುಡುಕಿಕೊಡುತ್ತಿತ್ತು. 1991ರಲ್ಲಿ ಮಿನೆಸೋಟಾದಲ್ಲಿ ಹುಟ್ಟಿದ ‘ಗೋಫರ್’ ಅವುಗಳನ್ನು ಪಟ್ಟಿಯ ರೂಪದಲ್ಲಿ ತೋರಿಸುತ್ತಿತ್ತು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಕಲ್ಪಿಸಿದ ವೆಬ್ ತಂತ್ರವನ್ನು ಸರ್ನ್ ಸಂಸ್ಥೆಯು 1993ರಲ್ಲಿ ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟ ಮೇಲೆ ಚಿತ್ರವೇ ಬದಲಾಯಿತು.

ಭಾರತದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿತು. ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸುಗಳಿಗೆ ಮೊದಲ ಅವಕಾಶ ದೊರೆಯಿತು. ದೂರವಾಣಿಯ ತಂತಿಗೆ ಮೋಡೆಮ್ ಜೋಡಿಸಿ ಸಂಪರ್ಕ ಸಾಧಿಸಬೇಕಾಗಿತ್ತು. ಅದು ಕಿರುಗುಟ್ಟಿ, ಗೊರಗೊರ ಸದ್ದು ಮಾಡಿ, ಕೂಡಿಕೊಂಡರೆ ಅದೃಷ್ಟ. ಇಲ್ಲವಾದರೆ ಮತ್ತೆ ಮೊದಲಿನಿಂದ ಪ್ರಯತ್ನ. ಅಷ್ಟು ಹೊತ್ತೂ ಮನೆಯ ದೂರವಾಣಿ ಬೇರಾವ ಕರೆಗೂ ಸಿಗುತ್ತಿರಲಿಲ್ಲ. ಅಗ್ಗದ ‘ಶೆಲ್’ ಖಾತೆಯಲ್ಲಿ ಪರದೆಯ ಮೇಲೆ ಬರಿಯ ಅಕ್ಷರಗಳು ಮೂಡುತ್ತಿದ್ದವೇ ಹೊರತು ಚಿತ್ರಗಳಿಲ್ಲ. ಸೆಕೆಂಡಿಗೆ 9,600 ಬಿಟ್‌ಗಳ ವೇಗದಲ್ಲಿ ಒಂದು ಮೆಗಾಬೈಟ್‌ನಷ್ಟು ಪಠ್ಯ, ಅಂದರೆ ಒಂದು ದೊಡ್ಡ ಪುಸ್ತಕ, ಇಳಿದುಬರಲು ನಿರಾತಂಕವಾಗಿ ನಡೆದರೂ ಸುಮಾರು 14 ನಿಮಿಷ ಬೇಕು. ಮಧ್ಯದಲ್ಲಿ ತಂತಿ ಕಡಿದರೆ ಬಹುಮಟ್ಟಿಗೆ ಪುನಃ ಆರಂಭಿಸಬೇಕಾಗುತ್ತಿತ್ತು.

ಇದಕ್ಕೂ ಮಿಗಿಲಾದ ತೊಡಕು ಲಿಪಿಯದು. ಆ ಕಾಲದ ಸಂಸ್ಕೃತ ಪಾಠಗಳು ‘ಐಟ್ರಾನ್ಸ್’, ‘ಹಾರ್ವರ್ಡ್-ಕ್ಯೋಟೋ’ ಮೊದಲಾದ ಪದ್ಧತಿಗಳಲ್ಲಿ ರೋಮನ್ ಅಕ್ಷರಗಳಲ್ಲಿ ದೊರೆಯುತ್ತಿದ್ದವು. ದೀರ್ಘಸ್ವರಕ್ಕೂ ಮೂರ್ಧನ್ಯಾಕ್ಷರಕ್ಕೂ ದಪ್ಪ ಇಂಗ್ಲಿಷ್ ಅಕ್ಷರ ಬಳಸುವ ಕ್ರಮವನ್ನು ಕಲಿತವರಿಗೆ ಮಾತ್ರ ಅವು ಅರ್ಥವಾಗುತ್ತಿದ್ದವು. ಕನ್ನಡದ ತಾಣಗಳಾದರೋ ಒಂದೊಂದೂ ತನ್ನದೇ ಆದ ಅಕ್ಷರಶೈಲಿಯನ್ನು ಬೇಡುತ್ತಿತ್ತು. ಅದಿಲ್ಲದಿದ್ದರೆ ಪರದೆಯಲ್ಲಿ ವಿಚಿತ್ರ ಚಿಹ್ನೆಗಳ ರಾಶಿ. 1991ರ ಯೂನಿಕೋಡ್ ಸಂಕೇತಪಟ್ಟಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ, 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಬಳಿಕವಷ್ಟೇ ಅದು ಸಾಮಾನ್ಯ ಗೃಹಸ್ಥರ ಗಣಕಗಳನ್ನು ಮುಟ್ಟಲಾರಂಭಿಸಿತು.

ಈ ಹಿನ್ನೆಲೆಯಲ್ಲಿ ಮೂಡಿಬಂದದ್ದು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರೊ. ರಾಜ್ ರೆಡ್ಡಿಯವರ ದಶಲಕ್ಷ ಪುಸ್ತಕಗಳ ಯೋಜನೆಗೆ ಹೊಂದಿಕೊಂಡು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ 2000ದ ದಶಕದ ಆರಂಭದಲ್ಲಿ ಈ ಕಾರ್ಯ ನಡೆಯಿತು. ಹೈದರಾಬಾದಿನ ಐಐಐಟಿ, ತಿರುಮಲ ತಿರುಪತಿ ದೇವಸ್ಥಾನ ಮುಂತಾದ ಸಂಸ್ಥೆಗಳು ಸ್ಕ್ಯಾನಿಂಗ್ ಕೇಂದ್ರಗಳಾಗಿ ಕೈಜೋಡಿಸಿದವು. ಗ್ರಂಥಾಲಯಗಳಲ್ಲಿ ಧೂಳು ಹಿಡಿದಿದ್ದ ಸಂಸ್ಕೃತ, ಕನ್ನಡ, ತೆಲುಗು ಗ್ರಂಥಗಳು ಮನೆಯಲ್ಲಿ ಕುಳಿತವರ ಕಣ್ಣಿಗೆ ಬಿದ್ದವು.

ಆದರೆ ಪ್ರತಿ ಪುಟವೂ ಒಂದು ಪ್ರತ್ಯೇಕ ಚಿತ್ರ. ಒಂದು ಪುಟಕ್ಕೆ 50 ಕಿಲೋಬೈಟ್ ಎಂದಿಟ್ಟುಕೊಂಡು, ಸೆಕೆಂಡಿಗೆ 40 ಕಿಲೋಬಿಟ್ ವೇಗ ದೊರೆತರೂ, ಪುಟಕ್ಕೆ 10 ಸೆಕೆಂಡು; 300 ಪುಟಗಳ ಗ್ರಂಥಕ್ಕೆ 50 ನಿಮಿಷ. ಚಿತ್ರವಾದ್ದರಿಂದ ಒಳಗಿನ ಪದವನ್ನು ಹುಡುಕುವಂತಿಲ್ಲ. ಹುಡುಕಬೇಕಾದದ್ದು ಗ್ರಂಥದ ಹೆಸರನ್ನು. ಅದನ್ನಾದರೋ ರೋಮನ್ ಲಿಪಿಯಲ್ಲಿ ಮನಬಂದಂತೆ ನಮೂದಿಸಲಾಗಿತ್ತು. ‘ಸುಧಾ’ ಎಂಬಲ್ಲಿ ಮಹಾಪ್ರಾಣ ಬಿಟ್ಟುಹೋಗಿರಬಹುದು, ದೀರ್ಘ ಹ್ರಸ್ವವಾಗಿರಬಹುದು, ಗ್ರಂಥಕರ್ತೃವಿನ ಸ್ಥಾನದಲ್ಲಿ ಸಂಪಾದಕರ ಹೆಸರಿರಬಹುದು. ನಾಲ್ಕಾರು ಕಾಗುಣಿತಗಳಲ್ಲಿ ಪ್ರಯತ್ನಿಸುವ ತಾಳ್ಮೆ ಇದ್ದವರಿಗೆ ಗ್ರಂಥ ಸಿಗುತ್ತಿತ್ತು. ಭಂಡಾರದಲ್ಲಿ ಇದ್ದೂ ಹೆಸರು ತಪ್ಪಿದ ಕಾರಣ ಕಾಣದೆ ಉಳಿದ ಗ್ರಂಥ, ಓದುಗನ ಪಾಲಿಗೆ ಇಲ್ಲದ ಗ್ರಂಥವೇ ಸರಿ.

ಹಕ್ಕುಸ್ವಾಮ್ಯದ ಪ್ರಶ್ನೆಗಳು ಎದ್ದ ಬಳಿಕ, 2017ರ ಹೊತ್ತಿಗೆ ಈ ತಾಣ ಸಾರ್ವಜನಿಕರಿಗೆ ಲಭ್ಯವಾಗದಾಯಿತು. ಭಾರತದ ಕಾಯಿದೆಯಂತೆ ಗ್ರಂಥಕರ್ತನ ಜೀವಿತಾನಂತರವೂ 60 ವರ್ಷ ಹಕ್ಕು ಉಳಿಯುತ್ತದೆ. ಅದನ್ನು ಗೌರವಿಸುವುದು ನ್ಯಾಯವೇ. ಆದರೆ ಹಕ್ಕು ಮುಗಿದ ಹಳೆಯ ಗ್ರಂಥಗಳೂ ಅದರೊಂದಿಗೆ ಮರೆಯಾಗುವ ಅಪಾಯ ಒದಗಿತ್ತು. ಅದೃಷ್ಟವಶಾತ್ ಕಾರ್ಲ್ ಮಾಲಮುಡ್ ಎಂಬ ಅಮೆರಿಕನ್ನರು 4 ಲಕ್ಷಕ್ಕೂ ಹೆಚ್ಚು ಗ್ರಂಥಗಳ ಪ್ರತಿಗಳನ್ನು ‘ಇಂಟರ್ನೆಟ್ ಆರ್ಕೈವ್’ನಲ್ಲಿ ಇರಿಸಿದ್ದರು. ಬ್ರೂಸ್ಟರ್ ಕೇಲ್ ಅವರು 1996ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಸಂಸ್ಥೆಯಿದು. ಮೂಲಭಂಡಾರದ ಬಾಗಿಲು ಮುಚ್ಚಿದರೂ ಬೇರೊಂದು ಕಡೆ ಪ್ರತಿ ಇದ್ದುದರಿಂದ ಗ್ರಂಥಗಳು ಉಳಿದವು. ಪ್ರಾಚೀನರು ಒಂದೇ ಗ್ರಂಥದ ಓಲೆಪ್ರತಿಗಳನ್ನು ಹಲವು ಮಠಗಳಲ್ಲಿ, ಹಲವು ವಿದ್ವಾಂಸರ ಮನೆಗಳಲ್ಲಿ ಇರಿಸುತ್ತಿದ್ದುದರ ಫಲವೂ ಇದೇ ಅಲ್ಲವೇ?

ಉಡುಪಿಯಲ್ಲಿರುವ ಸರ್ವಮೂಲದ ಪ್ರಾಚೀನ ತಾಳೆಗರಿಗಳ ಉದಾಹರಣೆಯೂ ಇಲ್ಲಿ ಸ್ಮರಣೀಯ. ಹಿಂದೆ ರಕ್ಷಣೆಗೆಂದು ಲೇಪಿಸಿದ ಎಣ್ಣೆಯಿಂದಲೇ ಓಲೆಗಳು ಕಪ್ಪಾಗಿ ಅಕ್ಷರಗಳು ಮಸಕಾಗಿದ್ದವು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರೊ. ಪಿ. ಆರ್. ಮುಕುಂದ್ ಹಾಗೂ ಪ್ರೊ. ರೋಜರ್ ಈಸ್ಟನ್ ಅವರ ತಂಡವು 2006ರಲ್ಲಿ ಅತಿಗೆಂಪು ಕಿರಣಗಳ ನೆರವಿನಿಂದ ಅವುಗಳ ಛಾಯಾಚಿತ್ರ ತೆಗೆದು, ಅಕ್ಷರಗಳು ಓದಲು ಬರುವಂತೆ ಮಾಡಿತು.

ಆದುದರಿಂದ ಪರಸ್ಥಳಗಳಲ್ಲಿ ನೆಲೆಸಿರುವ ಕುಟುಂಬಗಳ ಮೇಲೆ ಒಂದು ಹೊಣೆಯಿದೆ. ತಾತ-ಮುತ್ತಾತಂದಿರು ಪಾರಾಯಣ ಮಾಡಿದ ಹಳೆಯ ಅಚ್ಚಿನ ಪುಸ್ತಕಗಳು, ಕೈಬರಹದ ಹಾಡಿನ ಪುಸ್ತಕಗಳು ಇಂದಿಗೂ ಅನೇಕ ಮನೆಗಳ ಅಟ್ಟದಲ್ಲಿವೆ. ಮನೆ ಬದಲಾಯಿಸುವಾಗ ಅವುಗಳನ್ನು ರದ್ದಿಗೆ ಹಾಕದೆ, ಮೊದಲು ತಜ್ಞರಿಗೆ ತೋರಿಸಬೇಕು. ಪುಟಗಳನ್ನು ಬಿಡಿಸುವ ಮುನ್ನ ಕ್ರಮಸಂಖ್ಯೆ ಪರೀಕ್ಷಿಸಬೇಕು. ಮುಖಪುಟ, ಮುದ್ರಣದ ವರ್ಷ, ಬದಿಯ ಟಿಪ್ಪಣಿಗಳನ್ನೂ ಬಿಡದೆ ಸ್ಕ್ಯಾನ್ ಮಾಡಿಸಬೇಕು. ಗ್ರಂಥದ ಹೆಸರನ್ನು ಕನ್ನಡದಲ್ಲೂ ದೇವನಾಗರಿಯಲ್ಲೂ ಶುದ್ಧವಾಗಿ ನಮೂದಿಸಬೇಕು. ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಪ್ರತಿ ಇರಿಸಬೇಕು. ಹಿರಿಯರ ಶಾಸ್ತ್ರಜ್ಞಾನಕ್ಕೆ ಕಿರಿಯರ ಯಂತ್ರಪರಿಚಯ ಕೂಡಿದರೆ ಒಂದೊಂದು ಮನೆಯಲ್ಲೂ ಈ ಕಾರ್ಯ ಸಾಧ್ಯ. ಹಾಗೆ ಉಳಿದ ಗ್ರಂಥವನ್ನು ದಿನಕ್ಕೆ ಒಂದು ಪುಟದಂತೆಯಾದರೂ ಮಕ್ಕಳೊಂದಿಗೆ ಕುಳಿತು ಓದುವ ನಿಯಮವೂ ಜೊತೆಗಿರಲಿ.

ಶ್ರೀಕೃಷ್ಣಾರ್ಪಣಮಸ್ತು.